ಮನೇಲೇ ರಿಪೇರಿ

ಮದ್ದೂರು ತಾಲ್ಲೂಕಿನ ಚರಿತ್ರೆಯನ್ನು ಮುಂದೆ ಯಾರಾದರೂ ಶ್ರದ್ಧೆಯಿಂದ ಬರೆಯುವುದಾದರೆ, ಶಿವಪುರದಲ್ಲಿ ಬಾವುಟ ಹಾರಿಸಿದ ಅಧ್ಯಾಯ ಮುಗಿದ ಕೂಡಲೇ ಇನ್ನೊಂದಕ್ಕೆ ಜಾಗ ಬಿಡಬೇಕಾಗುತ್ತದೆ. ಆತಗೂರು ಹೋಬಳಿಯ ಒಂದು ಹಳ್ಳಿಯಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕ ರವಿಚಂದ್ರನ ಬೈಕಿನ ಬ್ರೇಕು ಕೀರತೊಡಗಿತು.

ಸಾಧಾರಣ ಕೀರಲಲ್ಲ. ಬೆಳಿಗ್ಗೆ ಅವನು ಕಾಲೇಜಿಗೆ ಹೊರಟು ಊರ ಮುಂದಿನ ರಸ್ತೆ ಹಂಪಿನ ಹತ್ತಿರ ಬ್ರೇಕು ಒತ್ತಿದನೆಂದರೆ ಡೈರಿ ಮುಂದೆ ಸಾಲು ನಿಂತವರು ಹಾಲಿನ ಕ್ಯಾನು ಕೆಳಗಿಟ್ಟು ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಾಯಿಗಳು ಮೊದಮೊದಲು ಬೊಗಳುತ್ತಿದ್ದವು. ಆಮೇಲೆ ಅವೂ ಬೇಸರಪಟ್ಟು ಆ ಹೊತ್ತಿಗೆ ಸರಿಯಾಗಿ ಕೆರೆ ಕಡೆಗೆ ಹೋಗುವುದನ್ನು ರೂಢಿಸಿಕೊಂಡವು.

ಬೈಕೂ ಎಲ್ಲರ ಮನೆಯಲ್ಲಿರುವಂಥದ್ದಲ್ಲ. ಟಾರು ರಸ್ತೆಗೂ ಸೈ, ಕಲ್ಲು ಕೊರಕಲಿಗೂ ಸೈ ಎಂದು ಮಾರುವವರು ಹೇಳಿಕೊಳ್ಳುವ ಜಾತಿ. ಮುಂದಿನ ಚಕ್ರ ದೊಡ್ಡದು. ಅದರ ಮೇಲಿನ ಮಡ್‌ಗಾರ್ಡು ಕೊಕ್ಕರೆಯ ಕೊಕ್ಕಿನ ಹಾಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಸೀಟು ಎಷ್ಟು ಎತ್ತರವೆಂದರೆ ರವಿಚಂದ್ರನಿಗೆ ಹತ್ತಲು ಮನೆಯ ಜಗಲಿ ಬೇಕು, ಇಳಿಯಲು ದೇವರ ದಯೆ ಬೇಕು. ಮನೆಯವರು ಬುದ್ಧನನ್ನು ನಂಬಿದವರಾದ್ದರಿಂದ ಎರಡನೆಯದನ್ನು ಅವನು ಬಾಯಿಬಿಟ್ಟು ಕೇಳುವಂತಿರಲಿಲ್ಲ. ಮಂಡ್ಯದ ಒಬ್ಬ ಮೂಳೆ ಡಾಕ್ಟರು ಅದನ್ನು ಕೊಂಡು ಓಡಿಸಿ, ತಮ್ಮ ಸೊಂಟಕ್ಕೆ ತಾವೇ ಔಷಧಿ ಬರೆದುಕೊಳ್ಳುವ ಹಂತ ಮುಟ್ಟಿದಾಗ ಇವನಿಗೆ ದಾಟಿಸಿದ್ದರು.

ಹೊಸ ಹೆದ್ದಾರಿಯಲ್ಲಿ ಬೈಕಿಗೆ ಪ್ರವೇಶವಿಲ್ಲ. ಮುತ್ತತ್ತಿಯ ಕಾಡಿನೊಳಕ್ಕೆ ನುಗ್ಗಲು ಅರಣ್ಯದವರು ಬಿಡುವುದಿಲ್ಲ. ಹೀಗಾಗಿ ಬೆಟ್ಟ ಹತ್ತಲೆಂದೇ ಹುಟ್ಟಿದ ಆ ಯಂತ್ರ ದಿನವೂ ಮದ್ದೂರಿಗೆ ಹೋಗಿ, ಕಾಲೇಜಿನ ಬೇವಿನ ಮರದ ಕೆಳಗೆ ನಿಂತು, ಸಂಜೆ ಮನೆಗೆ ಬರುತ್ತಿತ್ತು. ಅದು ಕಂಡ ಅತಿ ದುರ್ಗಮ ಪ್ರದೇಶವೆಂದರೆ ಸಂತೆ ದಿನದ ಪೇಟೆ ಬೀದಿ.

ತಂದ ಹೊಸದರಲ್ಲಿ ಒಮ್ಮೆ ಮಂಡ್ಯದ ಗ್ಯಾರೇಜೊಂದಕ್ಕೆ ಒಯ್ದಿದ್ದ. ಅಲ್ಲಿನವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನ್ ಸಾ, ಒಂಟೆ ಇಡ್ಕಬಂದ್ಬುಟ್ಟಿದ್ದೀರಿ" ಎಂದ. ಅಷ್ಟೇ. ರವಿಚಂದ್ರ ಮತ್ತೆ ಯಾವ ಗ್ಯಾರೇಜಿನ ಮುಂದೂ ನಿಲ್ಲಲಿಲ್ಲ. "ಇನ್ನು ಮೇಲೆ ಮನೇಲೇ ರಿಪೇರಿ" ಎಂದು ಘೋಷಿಸಿದ. ಸ್ವಾವಲಂಬನೆಯ ಪಾಠವನ್ನು ದ್ವಿತೀಯ ಪಿಯುಸಿಯವರಿಗೆ ವರ್ಷ ವರ್ಷ ಹೇಳಿ ಹೇಳಿ ಅದರಲ್ಲಿ ಅವನಿಗೇ ನಂಬಿಕೆ ಬಂದುಬಿಟ್ಟಿತ್ತು.

ಅವನ ಗುರು ಇದ್ದದ್ದು ಫೋನಿನೊಳಗೆ. ಯಾವುದೋ ಚಳಿದೇಶದ ಗಡ್ಡದ ಮನುಷ್ಯ. ಅವನ ಶೆಡ್ಡು ನಮ್ಮ ಆಸ್ಪತ್ರೆಗಳ ಆಪರೇಷನ್ ಕೋಣೆಗಿಂತ ಚೊಕ್ಕಟ. ಅವನು ಬಿಚ್ಚಿದ ಬೋಲ್ಟು ತಾನಾಗಿ ಬಂದು ಅಂಗೈಯಲ್ಲಿ ಕೂರುತ್ತಿತ್ತು. ರವಿಚಂದ್ರ ಬಿಚ್ಚಿದ್ದು ಮಾತ್ರ ಉರುಳಿಕೊಂಡು ಹೋಗಿ ಕೋಳಿಗೂಡಿನ ಕೆಳಗೆ ಸೇರುತ್ತಿತ್ತು. ಗಡ್ಡದವನಿಗೆ ಒಂದೊಂದು ಕೆಲಸಕ್ಕೆ ಒಂದೊಂದು ತಟ್ಟೆ, ಒಂದೊಂದು ಬ್ರಷ್ಷು. ಇಲ್ಲಿ ಚೈನು ನೆನೆಹಾಕಲು ಹೆಂಡತಿಯ ಇಡ್ಲಿ ಹಿಟ್ಟಿನ ಬೇಸಿನ್ನು, ಉಜ್ಜಲು ಮನೆಯವರ ಹಳೆಯ ಟೂತ್‌ಬ್ರಷ್ಷು (ಒಮ್ಮೆ ಹೊಸದೂ ಹೋಯಿತು), ಇಂಜಿನ್ನಿನಿಂದ ಇಳಿಸಿದ ಕರೀ ಎಣ್ಣೆ ಹಿಡಿಯಲು ಮುದ್ದೆ ಮಾಡುವ ಪಾತ್ರೆ. ಎಷ್ಟೇ ಜೋಪಾನವಾಗಿ ಜೋಡಿಸಿದರೂ ಕೊನೆಯಲ್ಲಿ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು. "ಕಂಪನಿಯವ್ರು ಒಂದೆರಡು ಜಾಸ್ತಿನೇ ಹಾಕಿರ್ತಾರೆ" ಎಂದು ಅವನ್ನು ಉಪ್ಪಿನಕಾಯಿ ಜಾಡಿಯೊಂದರಲ್ಲಿ ತುಂಬಿಡುತ್ತಿದ್ದ. ಜಾಡಿ ಈಗ ಕತ್ತಿನ ತನಕ ಬಂದಿತ್ತು. ಬೈಕು ಇನ್ನೂ ಓಡುತ್ತಿದ್ದದ್ದು ಅದರ ಒಳ್ಳೆಯತನ.

ಈ ವಿಜ್ಞಾನವೆಲ್ಲ ನಡೆಯುತ್ತಿದ್ದದ್ದು ಮನೆಯ ಮುಂಬಾಗಿಲಿನ ಮುಂದೆ. ನೆರಳಿದ್ದದ್ದು ಅಲ್ಲೊಂದೇ ಕಡೆ. ಬಾಗಿಲಿಗೆ ಅಡ್ಡಲಾಗಿ ಬೈಕು, ಬೈಕಿನ ಪಕ್ಕ ಹಳೇ ಟೇಬಲ್ಲು, ಟೇಬಲ್ಲಿನ ಕೆಳಗೆ ಸೀಮೆಎಣ್ಣೆ, ಚಿಂದಿಬಟ್ಟೆ, ಬಿಚ್ಚಿದ ಬಿಡಿಭಾಗ. ವರ್ಷದಿಂದ ಮನೆಯವರೂ ನೆಂಟರೂ ದನದ ಕೊಟ್ಟಿಗೆ ಬಳಸಿಕೊಂಡು ಹಿತ್ತಲ ಬಾಗಿಲಿಂದ ಓಡಾಡುತ್ತಿದ್ದರು. ಇದು ಬೇರೆಯವರ ಮನೆಯಲ್ಲಾಗಿದ್ದರೆ ಸಣ್ಣ ತೊಂದರೆ. ರವಿಚಂದ್ರನ ಅಪ್ಪ ಮರಿಸಿದ್ದಯ್ಯ ತನ್ನ ಅರ್ಧ ಆಯುಸ್ಸನ್ನು ಇನ್ನೊಬ್ಬರ ಹಿತ್ತಲಲ್ಲಿ ನಿಂತು ಕೂಗಿ ಕಳೆದವನು. ತನ್ನ ಸ್ವಂತ ಮನೆ ಕಟ್ಟುವಾಗ ಮಿಕ್ಕಿದ್ದೆಲ್ಲ ಹೇಗಾದರೂ ಇರಲಿ ಎಂದು, ಮುಂಬಾಗಿಲನ್ನು ಮಾತ್ರ ಎರಡಾಳು ಅಗಲಕ್ಕೆ, ಹೊನ್ನೆ ಮರದಲ್ಲಿ ಇಡಿಸಿದ್ದ.

ಮುದುಕ ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಬಿಚ್ಚಿದವಳು ಸೊಸೆ ಅರುಂಧತಿ. ಹಲಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಶುಕ್ರವಾರ ಸಂಜೆ ಹಿತ್ತಲ ಬಾಗಿಲಿಂದ ಬಂದವಳು, ಸೆರಗಿಗಂಟಿದ್ದ ಹುಲ್ಲು ಕೊಡವುತ್ತ ಶುರು ಮಾಡಿದಳು.

"ರೀ, ಈ ಗಾಡಿ ತರೋವಾಗ ಏನಂದಿದ್ರಿ?"

"ಏನಂದಿದ್ದೆ?"

"ದಿನಾ ಹಲಗೂರಿಗೆ ಬಿಟ್ಟು ಬರ್ತೀನಿ, ನೀನು ಬಸ್ಸಿಗೆ ಬಾಯಿ ಬಿಡೋದು ತಪ್ತದೆ ಅಂದಿದ್ರಿ. ಒಂದಿನ ಬಿಟ್ಟಿದ್ದೀರಾ?"

"ಅದು ಚೈನ್ ಲೂಸಾಗಿತ್ತು."

"ಆಮೇಲೆ?"

"ಆಮೇಲೆ ಟೈಟಾಗಿತ್ತು."

ಅರುಂಧತಿ ಗಂಡನನ್ನು, ಕಡಿಮೆ ಅಂಕ ತೆಗೆದ ಉತ್ತರಪತ್ರಿಕೆಯನ್ನು ನೋಡುವಂತೆ ನೋಡಿದಳು.

"ಸೋಮವಾರ ನಮ್ಮ ಸ್ಕೂಲಲ್ಲಿ ವಿಜ್ಞಾನ ಪ್ರದರ್ಶನ. ಮಕ್ಳು ಎಲ್ಲ ಮಾಡಿಟ್ಟವ್ರೆ, ಬೆಲ್ ಹೊಡೆಯೋದ್ರೊಳಗೆ ನಾನಿರ್ಬೇಕು. ನಿಮ್ಮ ಗಾಡೀಲೇ ಬರ್ತೀನಿ. ಹಲಗೂರು ಮುಟ್ಟಿಸಿದ್ರೋ, ಅದು ಅಲ್ಲೇ ಬಾಗಿಲಿಗಡ್ಡ ನಿಂತಿರ್ಲಿ, ಇನ್ನೊಂದ್ಸಲ ಕೇಳಲ್ಲ. ಮುಟ್ಟಿಸ್ಲಿಲ್ವೋ, ಕೆಂಪರಾಜು ಬಂದು ತಗೊಂಡು ಹೋಗ್ತಾನೆ."

ಕೆಂಪರಾಜು ಅವಳ ತಮ್ಮ. ಮಳವಳ್ಳಿಯವನು, ಕೆಲಸದಲ್ಲಿ ಪಂಪ್‌ಸೆಟ್ ಅಂಗಡಿ, ಆಕಾರದಲ್ಲಿ ಕರೆಂಟು ಕಂಬ. ಬಂದಾಗಲೆಲ್ಲ ಭಾವನ ಬೈಕಿನ ಮೇಲೆ ಸುಮ್ಮನೆ ಒಮ್ಮೆ ಕೂತು, ಎರಡೂ ಪಾದವನ್ನು ನೆಲಕ್ಕೆ ಚಪ್ಪಟೆಯಾಗಿ ಊರಿ, "ಒಳ್ಳೆ ಹೈಟು ಭಾವ" ಎನ್ನುತ್ತಿದ್ದ. ಅವನು ಹೋದ ಮೇಲೆ ರವಿಚಂದ್ರನಿಗೆ ಊಟ ಸೇರುತ್ತಿರಲಿಲ್ಲ. ಕಾಲೇಜಿನಲ್ಲಿ ಇಪ್ಪತ್ತು ಜನ ಉಪನ್ಯಾಸಕರಲ್ಲಿ ಒಬ್ಬ, ಊರಿನಲ್ಲಿ ಮರಿಸಿದ್ದಯ್ಯನ ಮಗ, ಮನೆಯಲ್ಲಿ ಮೇಡಂ ಗಂಡ. ಅವನನ್ನು ಅವನೇ ಎಂದು ಜನ ತಿರುಗಿ ನೋಡುತ್ತಿದ್ದದ್ದು ಆ ಸೀಟಿನ ಮೇಲೆ ಕೂತಾಗ ಮಾತ್ರ. ಅದು ಕೆಂಪರಾಜುವಿನ ಎರಡು ಪಾದಗಳ ನಡುವೆ ಸೇರುವುದನ್ನು ಅವನಿಂದ ನೆನೆಯಲೂ ಆಗಲಿಲ್ಲ.

"ಆಗ್ಲಿ" ಎಂದ. "ಸೋಮವಾರಕ್ಕೆ ಒಂದು ಸದ್ದೂ ಇರಲ್ಲ, ನೋಡ್ತಿರು."

ಶನಿವಾರ ಮಧ್ಯಾಹ್ನ ಬ್ರೇಕು ಬಿಚ್ಚಿದ. ವಿಷಯ ಅಷ್ಟೇನೂ ಗಹನವಲ್ಲ. ಚಕ್ರದ ಜೊತೆಗೆ ಸುತ್ತುವ ಒಂದು ಉಕ್ಕಿನ ತಟ್ಟೆ, ಅದನ್ನು ಎರಡು ಕಡೆಯಿಂದ ಅಮುಕಿ ಹಿಡಿಯುವ ಎರಡು ಪ್ಯಾಡು. ಪ್ಯಾಡಿನ ಮೈ ಧೂಳು ಕೂತು ಕನ್ನಡಿಯಂತೆ ಹೊಳಪಾದರೆ ಕೀರುತ್ತದೆ. ಇದನ್ನು ಹೇಳಲು ಗಡ್ಡದವನು ಮುಕ್ಕಾಲು ಗಂಟೆ ತೆಗೆದುಕೊಂಡಿದ್ದ.

ಮರಿಸಿದ್ದಯ್ಯ ಎಲೆಯಡಿಕೆ ಚೀಲ ಹಿಡಿದು ಜಗಲಿ ಮೇಲೆ ಕೂತಿದ್ದ. ಆಯುಸ್ಸಿನ ಉಳಿದರ್ಧವನ್ನು ಅವನು ಕಳೆದದ್ದು ಎತ್ತಿನ ಗಾಡಿಯ ಮೇಲೆ. ಅವರಿವರ ಗದ್ದೆಯ ಕಬ್ಬನ್ನು ಫ್ಯಾಕ್ಟರಿಗೆ ಹೊಡೆದ ಗಾಡಿ ಈಗಲೂ ಅಂಗಳದ ಮೂಲೆಯಲ್ಲಿತ್ತು. ಎತ್ತು ಹೋಗಿ ಎಷ್ಟೋ ಕಾಲವಾಗಿತ್ತು, ಕೋಳಿಗಳು ಅದರ ಮೂಕಿಮರದ ಮೇಲೆ ಮಲಗುತ್ತಿದ್ದವು. ಆದರೂ ಅಮಾವಾಸ್ಯೆಗೊಮ್ಮೆ ಅವನು ಅದರ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ಬಿಟ್ಟಿರಲಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡಿದ ಕರೀ ಜಿಡ್ಡು, ಗಾಡಿಯ ಕೆಳಗೆ ತೂಗುಹಾಕಿದ ಬಿದಿರ ಗೊಟ್ಟದಲ್ಲಿ ಯಾವಾಗಲೂ ಸಿದ್ಧ. ಅವನ ಕಾಲದ ಗಾಡಿಯವರಲ್ಲಿ ಒಂದು ಮಾತಿಲ್ಲದ ಕಟ್ಟಳೆಯಿತ್ತು. ಗಾಡಿ ಕೀರಿಕೊಂಡು ಊರೊಳಗೆ ಬಂದರೆ ಜನ ತಲೆಯೆತ್ತಿ "ಯಾರ ಮನೇದು ಅದು?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಬಂತೆಂದರೆ ಮನೆತನದ ಮಾನ ಹೋಯಿತೆಂದೇ ಲೆಕ್ಕ. ಮರಿಸಿದ್ದಯ್ಯನ ಗಾಡಿಯ ಬಗ್ಗೆ ಆ ಪ್ರಶ್ನೆ ಒಮ್ಮೆಯೂ ಹುಟ್ಟಿರಲಿಲ್ಲ. ಈಗ ಮಗನ ದೆಸೆಯಿಂದ ದಿನಕ್ಕೆರಡು ಸಲ ಹುಟ್ಟುತ್ತಿತ್ತು.

"ಏನ್ಲಾ ಅದು, ಅಂದಿ ಕುಯ್ದಂಗೆ ಕೂಗದು?"

"ಬ್ರೇಕು ಕಣಪ್ಪ."

"ಎಣ್ಣೆ ಕೇಳ್ತಾ ಅದೆ ಕಣ್ಲಾ ಅದು."

"ಬ್ರೇಕಿಗೆ ಎಣ್ಣೆ ಹಾಕಬಾರ್ದು."

"ಕಬ್ಣಕ್ಕೆ ಕಬ್ಣ ಉಜ್ತಾ ಅದೆ, ಎಣ್ಣೆ ಆಕಬಾರ್ದು ಅಂತೀಯಲ್ಲ. ಯಾವ ಕಾಲೇಜ್ನಲ್ಲಿ ಯೋಳ್ಕೊಟ್ರು ಇದ?"

ರವಿಚಂದ್ರ ಸ್ಪ್ಯಾನರು ಕೆಳಗಿಟ್ಟು ಘರ್ಷಣೆಯ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ಮುದುಕ ಅದನ್ನು ಓಟು ಕೇಳಲು ಬಂದವರ ಮಾತು ಕೇಳುವಷ್ಟೇ ತಾಳ್ಮೆಯಿಂದ ಕೇಳಿದ.

"ಉಜ್ಜಿದ್ರೇನೇ ಕಣಪ್ಪ ಗಾಡಿ ನಿಲ್ಲೋದು" ಎಂದು ಮಗ ಸಾರಾಂಶ ಹೇಳಿದ.

"ಗಾಡಿ ನಿಲ್ಸಕ್ಕೆ ಅಗ್ಗ ಎಳೀಬೇಕು."

"ಇದಕ್ಕೆ ಹಗ್ಗ ಎಲ್ಲಪ್ಪ ಅದೆ?"

"ಅದ್ಕೇ ಯೋಳದು, ಗಾಡಿನೇ ಅಲ್ಲ ಇದು ಅಂತ." ಮರಿಸಿದ್ದಯ್ಯ ಎಲೆಗೆ ಸುಣ್ಣ ಸವರಿದ. "ಓಗ್ಲಿ, ಆ ತಟ್ಟೆಗೆ ತೂತ್ಯಾಕ್ ಮಡಗವ್ರೆ?"

"ಬಿಸಿ ಆರ್ಲಿ ಅಂತ. ನೀರು ಬಿದ್ರೆ ಇಳಿದು ಹೋಗ್ಲಿ ಅಂತ."

"ನೀರ್ ಓಗಕ್ಕೆ ತೂತು ಬೇಕು. ಎಣ್ಣೆ ಓಗಕ್ಕೆ ಬ್ಯಾಡ." ಮುದುಕ ಎಲೆ ಬಾಯಿಗಿಟ್ಟುಕೊಂಡ. ಆ ತೂತುಗಳನ್ನೇ ಎಣಿಸುವಂತೆ ನೋಡತೊಡಗಿದ. ವಾದ ಮುಗಿಯಿತೆಂದು ರವಿಚಂದ್ರ ತಿಳಿದ.

ನಿಜ ಹೇಳಬೇಕೆಂದರೆ ಆ ದಿನ ಕೆಲಸ ಚೆನ್ನಾಗಿಯೇ ಆಯಿತು. ಪ್ಯಾಡುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ತೆಗೆದ. ಹಿಂದಿನ ತಟ್ಟೆ, ಮುಂದಿನ ತಟ್ಟೆ ಎರಡನ್ನೂ ಸೋಪುನೀರಲ್ಲಿ ತೊಳೆದು ಒರೆಸಿದ. ಜೋಡಿಸಿ ಮುಗಿಸಿದಾಗ ಟೇಬಲ್ಲಿನ ಮೇಲೆ ಒಂದು ಸ್ಕ್ರೂ ಕೂಡ ಉಳಿದಿರಲಿಲ್ಲ. ಅವನಿಗೇ ಅನುಮಾನ ಬಂದು ಕೋಳಿಗೂಡಿನ ಕೆಳಗೆ ಬಗ್ಗಿ ನೋಡಿದ. ಅಲ್ಲೂ ಇರಲಿಲ್ಲ. ಅಂಗಳದಲ್ಲಿ ಓಡಿಸಿ ನೋಡಿದರೆ ಬ್ರೇಕು ಕಚ್ಚಿ ಹಿಡಿಯುತ್ತಿತ್ತು. ಸದ್ದು ಪೂರ್ತಿ ಹೋಗಿರಲಿಲ್ಲ, ಹಂದಿಯಿಂದ ಇಲಿಗೆ ಇಳಿದಿತ್ತು. ಗಡ್ಡದವನು ಅದನ್ನೂ ಹೇಳಿದ್ದ: ಉಜ್ಜಿದ ಪ್ಯಾಡು ಕೂಡಿಕೊಳ್ಳುವ ತನಕ ಒಂದಿಷ್ಟು ಕೀರುತ್ತದೆ.

"ನಾಲ್ಕು ದಿನ ಹಿಂಗೇ ಸಣ್ಣಗೆ ಕೂಗ್ತದೆ, ಆಮೇಲೆ ತಾನೇ ಸುಮ್ಮನಾಗ್ತದೆ" ಎಂದು ಅಪ್ಪನಿಗೆ ವಿವರಿಸಿದ.

ಮರಿಸಿದ್ದಯ್ಯನಿಗೆ ಕೇಳಿಸಿದ್ದು 'ನಾಲ್ಕು ದಿನ' ಎಂಬುದೊಂದೇ. ಸೋಮವಾರ ಸೊಸೆ, ನಾಲ್ಕೂರ ಮಕ್ಕಳಿಗೆ ಪಾಠ ಹೇಳುವ ಮೇಡಂ, ಗರಿಗರಿ ಸೀರೆಯುಟ್ಟು, ಕೀರುವ ಗಾಡಿಯ ಮೇಲೆ ಕೂತು ಎಲ್ಲರ ಗದ್ದೆ ಬಯಲು ಹಾದು ಹೋಗಬೇಕು. ಬಯಲಿನವರೆಲ್ಲ ಬಗ್ಗಿದ ಬೆನ್ನೆತ್ತಿ ಕೇಳಬೇಕು, ಯಾರ ಮನೇದು ಅದು.

ಸೋಮವಾರ ಬೆಳಗಾಗುವ ಹೊತ್ತಿಗೆ ಅವನು ಏನು ಮಾಡಿದನೆಂಬುದು ರವಿಚಂದ್ರನಿಗೆ ತಿಳಿದದ್ದು ತಡವಾಗಿ. ಓದುವವರನ್ನು ಅಷ್ಟು ಹೊತ್ತು ಕಾಯಿಸಿ ಆಗಬೇಕಾದ್ದೇನಿಲ್ಲ. ಮಗ ಸ್ನಾನಕ್ಕೆ ಹೋದಾಗ ಮುದುಕ ಗಾಡಿಯ ಕೆಳಗಿನ ಗೊಟ್ಟ ಬಿಚ್ಚಿ ತಂದ. ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಿಂದಿನ ತಟ್ಟೆಯ ಒಂದೊಂದು ತೂತಿಗೂ ಕಡ್ಡಿಯಲ್ಲಿ ಕೀಲೆಣ್ಣೆ ತುಂಬಿದ. ಎರಡು ಮೈಗೂ ಬೆರಳಲ್ಲಿ ಸವರಿದ. ಜೋಡಿ ಎತ್ತಿನಲ್ಲಿ ಒಂದಕ್ಕೆ ಹಿಂಡಿ ಇಟ್ಟು ಇನ್ನೊಂದನ್ನು ಉಪವಾಸ ಕೆಡವಿದಂತಾಗಬಾರದೆಂದು ಮುಂದಿನದಕ್ಕೂ ಹಚ್ಚಿದ. ನೆಲಕ್ಕೆ ತೊಟ್ಟಿಕ್ಕಿದ್ದನ್ನು ಟವಲಿನ ತುದಿಯಲ್ಲಿ ಒರೆಸಿದ. ಇಷ್ಟು ಅಚ್ಚುಕಟ್ಟಾದ ಕೆಲಸ ಆ ಬೈಕಿಗೆ ಅದುವರೆಗೆ ಯಾರೂ ಮಾಡಿರಲಿಲ್ಲ.

ರವಿಚಂದ್ರ ಬಂದು ಬೈಕನ್ನು ಜಗಲಿಗೆ ತಂದು ನಿಲ್ಲಿಸಿದ. ಅಂಗಳ ಗೇಟಿನ ಕಡೆಗೆ ಏರಾಗಿದ್ದುದರಿಂದ ಬೈಕು ಅಲ್ಲಿ ಬ್ರೇಕಿಲ್ಲದೆಯೂ ತನ್ನಷ್ಟಕ್ಕೆ ತಾನೇ ನಿಲ್ಲುತ್ತಿತ್ತು. ಅವನು ಬ್ರೇಕು ಒತ್ತಿದ, ನಿಂತಿತು. ಸದ್ದಿಲ್ಲ. ಇನ್ನೊಮ್ಮೆ ಒತ್ತಿದ. ಇಲಿಯೂ ಇಲ್ಲ. ಪೆಡಲು ಬೆಣ್ಣೆ ಮೇಲೆ ಕಾಲಿಟ್ಟಂತೆ ಇಳಿಯಿತು.

"ಕೇಳಿಸ್ತಾ?" ಎಂದ ಹೆಂಡತಿಗೆ.

"ಏನೂ ಕೇಳಿಸ್ಲಿಲ್ಲ."

"ಅದೇ. ಏನೂ ಕೇಳಿಸಲ್ಲ." ಹೆಲ್ಮೆಟ್ಟಿನ ಒಳಗಿಂದಲೇ ನಕ್ಕ. "ನಾಲ್ಕು ದಿನ ಬೇಕು ಅಂತ ಆ ಗಡ್ಡದೋನು ಹೇಳಿದ್ದ. ಎರಡೇ ದಿನಕ್ಕೆ ಕೂಡ್ಕೊಂಡದೆ. ಕೈಗುಣ ಅಂತ ಒಂದಿರ್ತದೆ ನೋಡು."

ಜಗಲಿಯ ಮೇಲಿದ್ದ ಮರಿಸಿದ್ದಯ್ಯ ಕೈಗುಣದ ಮಾತು ಕೇಳಿ ಟವಲು ಮಡಿಸಿ ಹೆಗಲಿಗೆ ಹಾಕಿಕೊಂಡ. ತನ್ನ ಕೈ ಎಂದು ಹೇಳಿಕೊಳ್ಳುವ ಚಪಲ ಅವನಿಗಿರಲಿಲ್ಲ.

ಅರುಂಧತಿ ಸೀರೆ ಒಟ್ಟುಮಾಡಿಕೊಂಡು, ಜಗಲಿಯಿಂದ ಸೀಟಿಗೆ ಕಾಲು ದಾಟಿಸಿ ಕೂತಳು. ಊರಿನ ನೆತ್ತಿಗಳೆಲ್ಲ ಅವಳಿಗೆ ಕೆಳಗೆ ಕಾಣುತ್ತಿದ್ದವು. ಬೈಕು ಹೊರಟಿತು. ಡೈರಿಯ ಮುಂದಿನವರು ಅಭ್ಯಾಸಬಲದಿಂದ ಕ್ಯಾನು ಕೆಳಗಿಟ್ಟು ಕಿವಿ ಮುಚ್ಚಿಕೊಂಡರು, ಏನೂ ಬಾರದಿದ್ದುದನ್ನು ಕಂಡು ಕೈ ತೆಗೆದರು. ಹಂಪು ಬಂತು. ರವಿಚಂದ್ರ ಬ್ರೇಕು ಒತ್ತಿದ. ಬೈಕು ಹಂಪನ್ನು ಹಾರಿ ಆಚೆ ಇಳಿಯಿತು.

"ರೀ, ನಿಧಾನ."

"ನಿಧಾನನೇ ಹೋಗ್ತಿರೋದು."

ಎರಡನೆಯ ಹಂಪನ್ನೂ ಹಾರಿದರು. ನಮ್ಮ ಕಡೆ ಹಂಪುಗಳಿಗೇನೂ ಬರವಿಲ್ಲ, ಓಟು ಹಾಕಿದ ಮನೆಗೊಂದು ಎಂಬಂತಿವೆ. ಹಾಗಾಗಿ ಮೂರನೆಯದು ಬರುವ ಹೊತ್ತಿಗೆ ರವಿಚಂದ್ರನ ಕಾಲು ಪೆಡಲನ್ನು ಪೂರ್ತಿ ತುಳಿದಿತ್ತು, ಬಲಗೈ ಮುಂದಿನ ಬ್ರೇಕನ್ನು ಹಿಂಡುತ್ತಿತ್ತು, ಬೈಕು ಮಾತ್ರ ಈ ಎರಡು ವಿದ್ಯಮಾನಗಳಿಗೂ ತನಗೂ ಸಂಬಂಧವಿಲ್ಲದಂತೆ ಹೋಗುತ್ತಿತ್ತು. ಗೇರು ಇಳಿಸಿದ. ಇಂಜಿನ್ನು ಗೊಣಗಿ ವೇಗ ಸ್ವಲ್ಪ ತಗ್ಗಿಸಿತು. ಅಷ್ಟರಲ್ಲಿ ರಸ್ತೆ ನಾಲೆಯ ಸೇತುವೆಯ ಕಡೆಗೆ ಇಳಿಜಾರಾಯಿತು. ಸೇತುವೆಯ ಮೇಲೆ, ಆ ಬದಿಯಿಂದ ಈ ಬದಿಯವರೆಗೂ ಕಬ್ಬು ಚಾಚಿಕೊಂಡ ಟ್ರಾಕ್ಟರೊಂದು ಯೋಚನೆ ಮಾಡುತ್ತ ನಿಂತಿತ್ತು.

"ರೀ, ಬ್ರೇಕ್ ಹಾಕಿ."

"ಹಾಕಿದ್ದೀನಿ."

"ಯಾವಾಗ?"

"ಆವಾಗಿಂದ."

ಎಡಕ್ಕೆ ನಾಲೆಯ ಏರಿ ಹಿಡಿದು ಒಂದು ಮಣ್ಣುದಾರಿ ಇಳಿಯುತ್ತಿತ್ತು. ಬೇರೆ ದಾರಿಯಿಲ್ಲದೆ ರವಿಚಂದ್ರ ಅದಕ್ಕೆ ತಿರುಗಿಸಿದ. ಆ ಬೈಕು ತಾನು ಯಾತಕ್ಕಾಗಿ ಹುಟ್ಟಿತ್ತೋ ಆ ಕೆಲಸವನ್ನು ಮೊದಲ ಬಾರಿಗೆ ಮಾಡಿತು. ಕಲ್ಲು ತುಳಿದು ಕುಣಿಯಿತು, ಕೊರಕಲು ದಾಟಿತು, ಗದ್ದೆಯ ಬದುವನ್ನು ಜಿಂಕೆಯಂತೆ ಹಾರಿತು. ಸಂಕೋಚವಿಲ್ಲದೆ ಹೇಳುವುದಾದರೆ ಸೊಗಸಾಗಿ ಹೋಯಿತು. ನಾಟಿಗೆಂದು ಉತ್ತು ಹದ ಮಾಡಿದ್ದ ಗದ್ದೆಯ ನಟ್ಟನಡುವಿನವರೆಗೂ ಹೋಗಿ, ಅಚ್ಚು ಮುಳುಗುವಷ್ಟು ಕೆಸರಲ್ಲಿ ಕಂತಿ, ನಿಂತಿತು.

ಅರುಂಧತಿ ಕೂತ ಹಾಗೆಯೇ ಹಿಂದಕ್ಕೆ ಜಾರಿ ಕೆಸರಿಗಿಳಿದಳು. ರವಿಚಂದ್ರ ನೆಲಕ್ಕೆ ಕಾಲು ಚಾಚಿದ. ಎಂದಿನಂತೆ ಅದು ಸಿಕ್ಕಲಿಲ್ಲ. ಬೈಕು ಮರ್ಯಾದಸ್ಥರು ಮದುವೆ ಮನೆಯಲ್ಲಿ ಗೋಡೆಗೊರಗುವಂತೆ ನಿಧಾನವಾಗಿ ಎಡಕ್ಕೆ ವಾಲಿ, ಅವನನ್ನೂ ಜೊತೆಗೆ ಮಲಗಿಸಿಕೊಂಡಿತು.

ಬದುವಿನ ಮೇಲೆ ಪೈರಿನ ಕಟ್ಟು ಹಿಡಿದು ನಿಂತಿದ್ದವಳು ಗದ್ದೆಯ ಒಡತಿ ಸಣ್ಣತಾಯಮ್ಮ.

"ಮೇಷ್ಟ್ರೇ," ಎಂದಳು, "ರೋಡು ಅತ್ಲಾಗದೆ."

ರವಿಚಂದ್ರ ಎದ್ದು ಹೆಲ್ಮೆಟ್ಟಿನ ಗಾಜು ಒರೆಸಿಕೊಂಡ. ಕೈಯೂ ಕೆಸರಾಗಿದ್ದರಿಂದ ಅದು ಇನ್ನಷ್ಟು ಮಸುಕಾಯಿತು.

"ನಾಟಿಗೆ ಆಳೇ ಸಿಕ್ಕಾಕಿಲ್ಲ ಅಂತ ಈಗ ಬಯ್ಕತಿದ್ದೆ. ಗಂಡ ಎಂಡ್ತಿ ಇಬ್ರೂ ಬಂದ್ಬುಟ್ರಿ. ಒಸಿ ಚಪ್ಲಿ ಬುಟ್ಟು ಇಳೀಬೇಕಾಗಿತ್ತು."

"ಬ್ರೇಕ್ ಹಿಡೀಲಿಲ್ಲ ಕಣಮ್ಮ."

"ಅದ್ಕೇ ಸದ್ದೇ ಇಲ್ಲ." ಸಣ್ಣತಾಯಮ್ಮ ಬೈಕನ್ನು ಮೆಚ್ಚುಗೆಯಿಂದ ನೋಡಿದಳು. "ನಿಮ್ಮಪ್ಪ ಮರಿಸಿದ್ದ ನಮ್ ಗದ್ದೆ ಕಬ್ಬು ಒಡೀತಿದ್ದನಲ್ಲ, ಅವ್ನ ಗಾಡಿನೂ ಇಂಗೇಯ. ಬಂದದ್ದೂ ಗೊತ್ತಾಗಾಕಿಲ್ಲ, ಓದದ್ದೂ ಗೊತ್ತಾಗಾಕಿಲ್ಲ. ಆದ್ರೆ ಅವ್ನು ಗದ್ದೆ ಒಳೀಕ್ಕೆ ಬತ್ತಿರ್ಲಿಲ್ಲ ಬುಡಿ."

ಅರುಂಧತಿ ಈ ಮಾತು ಕೇಳಿಸಿಕೊಂಡಳು. ಬಗ್ಗಿ, ಮಲಗಿದ್ದ ಬೈಕಿನ ಮೇಲ್ಗಡೆ ಕಾಣುತ್ತಿದ್ದ ತಟ್ಟೆಯನ್ನು ಒಂದು ಬೆರಳಲ್ಲಿ ಮುಟ್ಟಿದಳು. ಬೆರಳು ಕಪ್ಪಾಯಿತು. ಮೂಸಿದಳು.

"ಹರಳೆಣ್ಣೆ" ಎಂದಳು. "ಹುಲ್ಲಿನ ಮಸಿ."

ರವಿಚಂದ್ರನೂ ಮುಟ್ಟಿ ಮೂಸಿದ. ಆ ವಾಸನೆಯೊಂದಿಗೆ ಬೆಳೆದವನು, ಪರಿಚಯ ಮಾಡಿಕೊಡುವ ಅಗತ್ಯ ಬೀಳಲಿಲ್ಲ. ಒಂದು ಕ್ಷಣ ಅವನಿಗೆ ಹಾಯೆನಿಸಿತು.

"ನೋಡ್ದಾ? ನಾನು ಮಾಡಿದ್ದು ಸರಿಯಾಗೇ ಇತ್ತು. ಅಪ್ಪ ಮಾಡಿರೋದು ಇದು. ಇದನ್ನ ಲೆಕ್ಕಕ್ಕೆ ತಗೊಳೋಹಂಗಿಲ್ಲ."

"ಯಾಕೆ ಹಂಗಿಲ್ಲ? ಮನೇಲೇ ರಿಪೇರಿ ಅಂದವ್ರು ನೀವು. ಮಾವ ಮನೇಲಿ ಇರೋರಲ್ವಾ?"

ರವಿಚಂದ್ರ ಬೆರಳಿನ ಜಿಡ್ಡನ್ನು ಕೆಸರಾದ ಪ್ಯಾಂಟಿಗೆ ಒರೆಸಿಕೊಂಡ.

ಅರುಂಧತಿ ಸೀರೆಯ ಅಂಚು ಹಿಂಡುತ್ತ ಮುಂದುವರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

"ಆಯ್ತು, ನಿಮ್ಮ ತಪ್ಪಲ್ಲ, ಒಪ್ಕೊಂಡೆ. ಗಾಡಿ ಇರ್ಲಿ. ಆದ್ರೆ ಮನೆಗೆ ಹೋಗಿ ಮಾವನಿಗೆ ನೀವೇ ಹೇಳಿ. ನೀನು ಹಚ್ಚಿದ ಎಣ್ಣೆಯಿಂದ ಬ್ರೇಕು ಹೋಯ್ತು, ನಿನ್ನ ಸೊಸೆ ಗದ್ದೆಗೆ ಬಿದ್ಲು, ಇನ್ನು ಮೇಲೆ ಗಾಡಿ ಮುಟ್ಬೇಡ ಅಂತ. ಹೇಳ್ಲಿಲ್ಲ ಅಂದ್ರೆ ನಾಳೆನೂ ಹಚ್ತಾರೆ. ನಾನಂತೂ ಹೇಳಲ್ಲ, ನೀವು ಹೇಳೋಹಂಗಿದ್ರೆ ಗಾಡಿ ಇಟ್ಕೊಳಿ. ಆಗಲ್ಲ ಅಂದ್ರೆ ಕೆಂಪರಾಜುಗೆ ಫೋನ್ ಮಾಡಿ."

ಸಣ್ಣತಾಯಮ್ಮನ ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಕಾಲು, ಅಂಚು ತೊಳೆದುಕೊಂಡು ಅವಳು ರಸ್ತೆಗೆ ಹೋದಳು. ಕಬ್ಬಿನ ಟ್ರಾಕ್ಟರು ಅಷ್ಟರಲ್ಲಿ ಯೋಚನೆ ಮುಗಿಸಿ ಸೇತುವೆ ಬಿಟ್ಟಿತ್ತು. ಅದರ ಹಿಂದೆಯೇ ಹಲಗೂರಿನ ಬಸ್ಸು ಬಂತು. ಅವಳು ಹತ್ತಿದಳು. ಬಸ್ಸು ನಿಂತದ್ದು ಬ್ರೇಕು ಹಾಕಿದ್ದರಿಂದ, ಅದು ಜೋರಾಗಿಯೇ ಕೀರಿತು.

ನಾಟಿಯ ಹೆಂಗಸರು ನಗುತ್ತ, ಸಣ್ಣತಾಯಮ್ಮ ಅವರಿಗೆ ಆಜ್ಞೆ ಕೊಡುತ್ತ, ಎಲ್ಲ ಸೇರಿ ಬೈಕನ್ನು ಬದುವಿಗೆ ಎಳೆದು ಹಾಕಿದರು. ರವಿಚಂದ್ರ ಅದನ್ನು ತೊಟ್ಟಿಯ ಬಳಿ ತೊಳೆದು, ಓಡಿಸುವ ಧೈರ್ಯವಿಲ್ಲದೆ, ಊರಿನವರೆಗೂ ತಳ್ಳಿಕೊಂಡು ಹೊರಟ. ದಾರಿಯುದ್ದಕ್ಕೂ ಅಪ್ಪನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿದ. ಅವು ನ್ಯಾಯವಾಗಿದ್ದವು. ಮೊದಲು ತಪ್ಪು ತಿಳಿಸುವುದು, ಆಮೇಲೆ ಕಾರಣ, ಆಮೇಲೆ ಮುನ್ನೆಚ್ಚರಿಕೆ. ಅಪಾಯದ ವಿಷಯ, ಸಂಕೋಚಪಟ್ಟರೆ ನಡೆಯದು. ಹೇಳಿಬಿಟ್ಟರೆ ಒಂದೇ ನಿಮಿಷದ ಕೆಲಸ, ಬೈಕು ಉಳಿಯುತ್ತದೆ. ಡೈರಿಯ ಹತ್ತಿರ ಬರುವ ಹೊತ್ತಿಗೆ ಭಾಷಣ ಬಾಯಿಪಾಠವಾಗಿತ್ತು.

ಮರಿಸಿದ್ದಯ್ಯ ಗೇಟಿನಲ್ಲೇ ನಿಂತಿದ್ದ. ಮಗನ ಮೈಮೇಲಿನ ಕೆಸರು ನೋಡಿದ, ಬೈಕಿನ ಮೇಲಿನದು ನೋಡಿದ.

"ಬಿದ್ದಾ?"

"ಊಂ. ಗದ್ದೆಗೆ."

"ಅವ್ಳು?"

"ಅವ್ಳಿಗೇನೂ ಆಗ್ಲಿಲ್ಲ. ಬಸ್ಸಲ್ಲಿ ಹೋದ್ಲು."

"ಸದ್ಯ." ಮುದುಕ ಉಸಿರು ಬಿಟ್ಟ. ಬೈಕಿಗೆ ಒಂದು ಸುತ್ತು ಬಂದ. ತಟ್ಟೆಯ ಬಳಿ ಬಗ್ಗಿ ನೋಡಿದ. ಆಮೇಲೆ ಕೇಳಲೋ ಬೇಡವೋ ಎಂಬಂತೆ, ಎಲೆಯಡಿಕೆ ಚೀಲದ ದಾರ ಬಿಗಿಯುತ್ತ, ಕೇಳಿದ.

"ಸದ್ದು ಬಂತೇನ್ಲಾ?"

ರವಿಚಂದ್ರ ಬಾಯಿ ತೆರೆದ. ಬಾಯಿಪಾಠ ಮಾಡಿದ್ದು ಸಾಲಾಗಿ ನಾಲಗೆಯ ಮೇಲೆ ನಿಂತಿತ್ತು. ಅಪ್ಪನ ಬಲಗೈ ತೋರುಬೆರಳಿನ ಉಗುರಿನ ಸುತ್ತ ಕರೀ ಜಿಡ್ಡು ಇನ್ನೂ ಹೋಗಿರಲಿಲ್ಲ.

"ಇಲ್ಲಪ್ಪ" ಎಂದ. "ಒಂಚೂರೂ ಬರ್ಲಿಲ್ಲ."

"ಬರಾಕಿಲ್ಲ." ಮರಿಸಿದ್ದಯ್ಯನ ಮುಖ ಅರಳಿತು. ಮಗನ ತಪ್ಪನ್ನು ಕ್ಷಮಿಸಲು ಅವನಿಗೆ ಇನ್ನೇನೂ ಬೇಕಿರಲಿಲ್ಲ. "ನಿಂಗೆ ಓಡ್ಸಕ್ಕೆ ಬರಾಕಿಲ್ಲ, ಅದ್ಕೆ ಗಾಡಿ ಏನ್ ಮಾಡ್ತದೆ? ಗಾಡಿ ಸರ್ಯಾಗೇ ಅದೆ. ನೀರಲ್ಲಿ ತೊಳ್ದು ಎಲ್ಲಾ ಆಳು ಮಾಡ್ಕಬಂದಿದ್ದೀಯ. ಓಗು, ಉಂಡು ಮಲೀಕೊ. ನಾನು ಇನ್ನೊಂದಪ ಎಣ್ಣೆ ಆಕ್ತೀನಿ. ಇನ್ಮೇಕೆ ದಿನಾ ನಾನೇ ನೋಡ್ಕತೀನಿ ಬುಡು."

ಗಾಡಿಯ ಕಡೆಗೆ ನಡೆದು ಗೊಟ್ಟ ಬಿಚ್ಚತೊಡಗಿದ. ರವಿಚಂದ್ರ ಹಿತ್ತಲ ಕಡೆಗೆ ಹೋಗಿ, ಕೊಟ್ಟಿಗೆಯ ಗೂಟಕ್ಕೆ ಒರಗಿಕೊಂಡು ಮಳವಳ್ಳಿಯ ಕೆಂಪರಾಜುವಿಗೆ ಫೋನು ಮಾಡಿದ.

"ಬಂದು ಗಾಡಿ ತಗೊಂಡ್ ಹೋಗು. ಎರಡು ಬ್ರೇಕ್ ಡಿಸ್ಕನ್ನೂ ಚೆನ್ನಾಗಿ ತೊಳೆಸಿ, ಪ್ಯಾಡ್ ಹೊಸದು ಹಾಕಿಸಿ ಓಡ್ಸು" ಎಂದು ಮಾತ್ರ ಹೇಳಿದ.

"ಯಾಕ್ ಭಾವ?"

"ಹಾಕ್ಸು ಅಂದ್ನಲ್ಲ."

ಬುಧವಾರ ಕೆಂಪರಾಜು ಟೆಂಪೋ ತಂದು ಬೈಕನ್ನು ಹೇರಿಕೊಂಡು ಹೋದ.